ಕೊಂಡಿ ಹೇಳಿ ಉಸಿರೆಳೆದುಕೋ

ಬೆಳಿಗ್ಗೆ ಆರೂವರೆಗೆ ಹಸನಬ್ಬನವರ ಸ್ವರ ಹೋಯಿತು. ದೋಣಿ ಆಗ ಹೊಳೆಯ ಮೂರನೇ ಒಂದು ಪಾಲು ದಾಟಿತ್ತು. ಅವರು ಹೇಳುತ್ತಿದ್ದ ಅರಬಿ ವಾಕ್ಯ ನಡುವೆಯೇ ತುಂಡಾಯಿತು. ದೋಣಿ ನಿಂತಿತು, ಮೂತಿ ತಿರುಗಿಸಿತು, ಹೊರಟ ದಡಕ್ಕೇ ಮರಳಿ ಬಂತು. ಯಾರಿಗೂ ಪೆಟ್ಟಾಗಲಿಲ್ಲ. ಮೀನು ಮಾರುವ ಲಿಲ್ಲಿಬಾಯಿಯ ಬುಟ್ಟಿಯಿಂದ ಒಂದಷ್ಟು ಬಂಗುಡೆ ನೀರಿಗೆ ಬಿದ್ದವು.

ಇಷ್ಟನ್ನು ನಾನು ಆ ದಿನದ ಸಂಜೆಪತ್ರಿಕೆಗೆ ಬರೆದುಕೊಟ್ಟೆ. ದೋಣಿಯಲ್ಲಿ ನನ್ನ ಅಕ್ಕ ಗುಲಾಬಿಯೂ ಇದ್ದಳೆಂದು ಬರೆಯಲಿಲ್ಲ. ಅವಳು ಆಚೆ ದಡದ ಕಣ್ಣಿನ ಆಸ್ಪತ್ರೆಗೆ ಹೊರಟಿದ್ದಳು. ಹೋದ ವರ್ಷ ಅವಳ ಬಲಗಣ್ಣಿನ ಪೊರೆ ಬಲಿತು, ಒಳಗೆ ಒತ್ತಡ ಏರಿ, ದೃಷ್ಟಿ ಹೋಗಿತ್ತು. ಎಡಗಣ್ಣಿನಲ್ಲೂ ಈಗ ಅದೇ ಪೊರೆ. ಶಸ್ತ್ರಚಿಕಿತ್ಸೆ ಬೇಗ ಆಗಬೇಕು ಎಂದು ಡಾಕ್ಟರು ಹಿಂದಿನ ಸಲವೇ ಹೇಳಿದ್ದರು. ಅಷ್ಟರೊಳಗೆ ನೋವು ಶುರುವಾದರೆ ಒಂದು ದಿನವೂ ಕಾಯಬೇಡಿ, ಆಮೇಲೆ ನನ್ನ ಕೈಯಲ್ಲೇನೂ ಇಲ್ಲ ಎಂದೂ ಹೇಳಿದ್ದರು. ಅಕ್ಕ ಬೀಡಿ ಕಟ್ಟುವವಳು. ಎಲೆ ಕತ್ತರಿಸುವಾಗ ಮುಖವನ್ನು ಕತ್ತರಿಗೆ ತಾಗುವಷ್ಟು ಬಗ್ಗಿಸುತ್ತಿದ್ದಳು.

ನಮ್ಮ ಹೊಳೆಯಲ್ಲಿ ಹುಟ್ಟು ಹಾಕಿದರೆ ಹುಟ್ಟು ತಿರುಗುತ್ತದೆ, ದೋಣಿ ಅಲುಗುವುದಿಲ್ಲ. ಅರಬಿಯಲ್ಲಿ ಒಂದು ವಾಕ್ಯ ನಡೆಯುತ್ತಿರುವಷ್ಟು ಹೊತ್ತು ದೋಣಿ ನಡೆಯುತ್ತದೆ. ವಾಕ್ಯ ಮುಗಿದರೆ ಹೊರಟಲ್ಲಿಗೆ ಮರಳುತ್ತದೆ. ಒಮ್ಮೆ ಕೇಳಿದ ವಾಕ್ಯಕ್ಕೆ ಎರಡನೇ ಸಲ ಜಗ್ಗುವುದಿಲ್ಲ. ಹೇಳುವವರನ್ನು ಬಿಟ್ಟು ದೋಣಿಯಲ್ಲಿ ಬೇರೆ ಯಾರು ತುಟಿ ಬಿಚ್ಚಿದರೂ ವಾಕ್ಯ ಮುಗಿಯಿತೆಂದೇ ತಿಳಿಯುತ್ತದೆ. ಅದಕ್ಕೇ ದೋಣಿ ಹತ್ತುವ ಮುನ್ನ ನಮ್ಮವರು ಗಂಟಲು ಕೆರೆದು ಕೆಮ್ಮಿ ಮುಗಿಸುತ್ತಾರೆ, ಕೂಸುಗಳಿಗೆ ಹಾಲೂಡಿಸಿ ನಿದ್ದೆ ಮಾಡಿಸುತ್ತಾರೆ, ಜಗಳವಿದ್ದರೆ ಮರಳಿನ ಮೇಲೆಯೇ ತೀರಿಸಿಕೊಳ್ಳುತ್ತಾರೆ.

ಊರಿನ ಎಲ್ಲರಿಗೂ ಒಂದಿಷ್ಟು ಅರಬಿ ಬರುತ್ತದೆ. ಬರುವುದು ತುಂಡು ಅರಬಿ. ನೀರು ತಣ್ಣಗಿದೆ. ಮೀನು ಹೊಸದು. ಇಂಥ ಒಂದು ವಾಕ್ಯಕ್ಕೆ ದೋಣಿ ಒಂದು ಹಿಡಿಸೂಡಿ ಪೊರಕೆಯಷ್ಟು ಉದ್ದ ಹೋಗುತ್ತದೆ. ಹಿಂದೆ ಮನೆಗೊಬ್ಬರು ದಾಟಿಸುವವರು ಇದ್ದರಂತೆ. ಹಸನಬ್ಬನವರು ಬಂದ ಮೇಲೆ ಉಳಿದವರು ಕಲಿಯುವುದನ್ನು ಬಿಟ್ಟರು. ಅವರ ವಾಕ್ಯ ಎಷ್ಟು ಸರಾಗವಾಗಿ ಸಾಗುತ್ತಿತ್ತೆಂದರೆ ಪ್ರಯಾಣಿಕರು ನಿದ್ದೆ ಹೋಗುತ್ತಿದ್ದರು. ಮದರಸದ ಉಸ್ತಾದರಿಗೂ ದಾಟಿಸಲು ಬರುತ್ತಿತ್ತು. ಆದರೆ ಹಸನಬ್ಬನವರ ಸ್ವರ ಹೋದ ದಿನ ಉಸ್ತಾದರು ಆಚೆ ದಡದಲ್ಲಿ ತಂಗಿಯ ಮನೆಯಲ್ಲಿದ್ದರು. ದೋಣಿ ಈಚೆಗಿತ್ತು. ಸಂಜೆ ಅವರು ಆಚೆ ಮರಳಿನಲ್ಲಿ ನಿಂತು ಬಿಳಿ ಶಾಲು ಬೀಸುವುದು ಕಾಣುತ್ತಿತ್ತು. ನಾವೂ ಬೀಸುತ್ತಿದ್ದೆವು. ಅದರಿಂದ ಏನೂ ಆಗಲಿಲ್ಲ.

ಮೊದಲು ಪ್ರಯತ್ನಿಸಿದವಳು ಲಿಲ್ಲಿಬಾಯಿ. ಅವಳ ಗಿರಾಕಿಗಳೆಲ್ಲ ಆಚೆ ದಡದವರು. ಮಾತಿಗೆ ಮಾತು ಸೇರಿಸುವ ಕೊಂಡಿಗಳಲ್ಲಿ ಅವಳಿಗೆ ಗೊತ್ತಿದ್ದುದು ಒಂದೇ, ‘ವ’. ನಮ್ಮ ‘ಮತ್ತು’ ಇದ್ದ ಹಾಗೆ. ಮಾರುಕಟ್ಟೆಯಲ್ಲಿ ಸಿಗುವ ಮೀನಿನ ಹೆಸರಿಗೆಲ್ಲ ‘ವ’ ಸೇರಿಸಿ ಹೇಳುತ್ತ ಹೋದಳು. ದೋಣಿ ಹೊರಟಿತು, ಆದರೆ ಮುಂದೆ ಹೋಗಲಿಲ್ಲ. ಇದ್ದಲ್ಲೇ ಗಾಣದ ಎತ್ತಿನಂತೆ ಸುತ್ತು ಹಾಕಿತು.

ಇಳಿದವಳು ತಲೆ ಹಿಡಿದುಕೊಂಡು ಮರಳಿನ ಮೇಲೆ ಕೂತಳು. “ದೋಣಿಗೆ ಪೇಟೆಗೆ ಹೋಗ್ಲಿಕ್ಕೆ ಮನಸ್ಸಿಲ್ಲ, ನನ್ನ ಬುಟ್ಟಿಯ ಸುತ್ತ ಬೆಕ್ಕಿನ ಹಾಗೆ ಸುತ್ತುದು” ಎಂದಳು.

ನಾನು ಹಸನಬ್ಬನವರ ಮನೆಗೆ ಹೋದೆ. ಅವರಿಗೆ ಪಿಸುಮಾತು ಉಳಿದಿತ್ತು. ಪಿಸುಮಾತಿಗೆ ದೋಣಿ ನಡೆಯುವುದಿಲ್ಲ, ನನ್ನ ಕಿವಿಗೆ ಅದು ಸಾಕಿತ್ತು.

“ಹಸನಾಕ, ನನಗೆ ಕಲಿಸಿಕೊಡಿ” ಎಂದೆ.

“ನಿನಗಾ?” ಅವರು ನಕ್ಕರು, ನಗುವಿಗೂ ಸದ್ದಿರಲಿಲ್ಲ. “ನಿನ್ನ ಪತ್ರಿಕೆ ನಾನು ದಿನಾ ಓದ್ತೇನೆ ವಾರಿಜಾ. ಬೆಂಕಿ ಬಿತ್ತು. ಅಂಗಡಿ ಸುಟ್ಟಿತು. ಯಾರೂ ಸತ್ತಿಲ್ಲ. ಅಕ್ಕಿ ಆರಿಸಿ ಕಲ್ಲು ಎಸೆದ ಹಾಗೆ ಬರೀತಿ.”

“ಪಡಿಯಾರರು ಹಾಗೇ ಕಲಿಸಿದ್ದು.”

“ಅವರು ಮುಗಿಸ್ಲಿಕ್ಕೆ ಕಲಿಸಿದ್ರು. ನಾನು ಮುಗಿಸದೆ ಇರ್ಲಿಕ್ಕೆ ಕಲಿಸ್ಬೇಕು. ಅಕ್ಕನನ್ನೂ ಕರ್ಕೊಂಡು ಬಾ. ಮನೆಯಲ್ಲಿ ಕೂತು ಎಂತ ಮಾಡ್ತಾಳೆ ಅವಳು?”

ಪಡಿಯಾರರು ನಮ್ಮ ಸಂಪಾದಕರು. ಒಂದು ವಾಕ್ಯದಲ್ಲಿ ಎರಡು ಸಂಗತಿ ಬಂದರೆ ಕೆಂಪು ಪೆನ್ಸಿಲಿನಿಂದ ನಡುವೆ ಕಡಿಯುತ್ತಿದ್ದರು. ‘ಬಹುಶಃ’ ಎಂದು ಬರೆದರೆ ಪ್ರತಿಯನ್ನೇ ಹಿಂದಕ್ಕೆ ತಳ್ಳುತ್ತಿದ್ದರು. ಬಹುಶಃ ಎಂದರೆ ನೀನು ಹೋಗಿ ವಿಚಾರಿಸಿಲ್ಲ ಎಂದರ್ಥ, ಎನ್ನುತ್ತಿದ್ದರು. ಅವರ ಕೈಕೆಳಗೆ ಬೆಳೆದ ನನಗೆ ಈ ಎರಡೂ ನಿಯಮಗಳು ಹಲ್ಲುಜ್ಜುವಷ್ಟು ಸಹಜವಾಗಿದ್ದವು.

ಪಾಠ ಅಂಗಳದಲ್ಲಿ ನಡೆಯುತ್ತಿತ್ತು. ಅಕ್ಕ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಹಸನಬ್ಬನವರು ಒಂದೊಂದೇ ಕೊಂಡಿಯನ್ನು ಪಿಸುಗುಟ್ಟುತ್ತಿದ್ದರು. ‘ಫ’ ಎಂದರೆ ಆದೊಡನೆ. ‘ಸುಮ್ಮ’ ಎಂದರೆ ಸ್ವಲ್ಪ ತಡೆದು, ಆಮೇಲೆ. ‘ಲಿಅನ್ನ’ ಎಂದರೆ ಏಕೆಂದರೆ. ‘ಹತ್ತಾ’ ಎಂದರೆ ಅಲ್ಲಿಯ ತನಕ. ಒಂದೊಂದು ಕೊಂಡಿಗೂ ದೋಣಿಯ ನಡೆ ಬೇರೆ. ‘ಫ’ ಎಂದರೆ ಹಾರಿ ಮುಂದಕ್ಕೆ ಹೋಗುತ್ತದೆ, ‘ಸುಮ್ಮ’ ಎಂದರೆ ಮೆಲ್ಲಗೆ ತೇಲುತ್ತದೆ, ‘ಹತ್ತಾ’ ಎಂದರೆ ದಡವನ್ನು ಮೂಸಿ ನೋಡಿದ ಎಮ್ಮೆಯಂತೆ ನೇರ ನುಗ್ಗುತ್ತದೆ.

‘ಅನ್ನ’ ಎಂಬ ಇನ್ನೊಂದು ಕೊಂಡಿಗೆ ‘ಎಂದು’ ಎಂದರ್ಥ. ಇಂಥದ್ದಾಯಿತು ಎಂದು ಕೇಳಿದೆ ಎನ್ನುವಾಗ ಅದು ಬರುತ್ತದೆ. ಅಕ್ಕ ಅದನ್ನು ಕೇಳಿ ನಕ್ಕಳು. “ಅನ್ನ ಇಲ್ಲದೆ ಮನುಷ್ಯರೂ ಹೋಗುದಿಲ್ಲ, ದೋಣಿಯೂ ಹೋಗುದಿಲ್ಲ ಅನ್ನಿ.”

“ನಗ್ಬೇಡ. ಅದೊಂದು ದೊಡ್ಡ ಕುಟುಂಬ” ಎಂದರು ಹಸನಬ್ಬನವರು. ಅರಬಿ ವ್ಯಾಕರಣದಲ್ಲಿ ಅಂಥ ಆರು ಕೊಂಡಿಗಳಿಗೆ ಅಕ್ಕತಂಗಿಯರು ಎಂದೇ ಹೆಸರಂತೆ. ಆರು ಜನರಲ್ಲಿ ಯಾರು ಬಾಗಿಲಲ್ಲಿ ನಿಂತರೂ, ಅವರ ಹಿಂದೆ ಒಳಗೆ ಬರುವ ಹೆಸರು ತನ್ನ ಕೊನೆಯ ಸ್ವರ ಬದಲಿಸಿಕೊಂಡೇ ಬರಬೇಕು. ‘ಆದರೆ’ ಎನ್ನುವ ‘ಲಾಕಿನ್ನ’ ಅವರಲ್ಲಿ ಒಬ್ಬಳು. ಕೊನೆಯವಳು ‘ಲಅಲ್ಲ’. ಬಹುಶಃ, ಹಾಗಾದೀತು, ಹಾಗಾಗಲಿ, ಈ ಮೂರೂ ಅವಳೊಬ್ಬಳಲ್ಲಿವೆ.

“ಈ ಕೊನೆಯವಳು ನನಗೆ ಬೇಡ. ಪಡಿಯಾರರು ಒಪ್ಪುದಿಲ್ಲ” ಎಂದೆ.

“ಪಡಿಯಾರರನ್ನು ನೀನು ದೋಣಿಯಲ್ಲಿ ಕೂರಿಸ್ತಿಯಾ?”

ಕಷ್ಟವಾದದ್ದು ಅರ್ಥವಲ್ಲ, ಜಾಗ. ನಮ್ಮ ಕನ್ನಡದಲ್ಲಿ ಕೊಂಡಿ ಮಾತಿನ ಬಾಲದಲ್ಲಿರುತ್ತದೆ. ಬಂದರೆ, ಬಂದದ್ದರಿಂದ, ಬಂದರೂ. ಮೊದಲು ಸಂಗತಿ ಹೇಳಿ ಕೊನೆಗೆ ಕೊಂಡಿ ಸಿಕ್ಕಿಸುತ್ತೇವೆ. ಅರಬಿಯಲ್ಲಿ ಕೊಂಡಿ ಮುಂದೆ ನಿಲ್ಲುತ್ತದೆ, ಸಂಗತಿ ಅದರ ಹಿಂದೆ ಬರುತ್ತದೆ. ಹಸನಬ್ಬನವರ ವಿದ್ಯೆಯೆಲ್ಲ ಇದರ ಮೇಲೆಯೇ ನಿಂತಿತ್ತು. ಒಂದು ಸಂಗತಿ ಮುಗಿದಾಗ ಉಸಿರೆಳೆದರೆ ದೋಣಿಗೆ ಅದು ಮುಕ್ತಾಯ. ಕೊಂಡಿಯನ್ನೂ ಹೇಳಿ ಆಮೇಲೆ ಉಸಿರೆಳೆದರೆ, ಮುಂದೆ ಏನೋ ಬರಲಿಕ್ಕಿದೆ ಎಂದು ದೋಣಿ ಕಾಯುತ್ತದೆ.

“ಕೊಂಡಿ ಹೇಳಿ ಉಸಿರೆಳೆದುಕೋ” ಎಂದು ಅವರು ದಿನವೂ ಹೇಳುತ್ತಿದ್ದರು. “ದೋಣಿ ಕಾಯ್ತದೆ. ಹೊಳೆ ಕಾಯುದಿಲ್ಲ, ಅದನ್ನು ನೆನಪಿಟ್ಟುಕೋ. ನೀನು ಬಾಯಿ ಬಿಟ್ಟು ಕೂತ್ರೆ ಸೆಳೆತ ನಿನ್ನನ್ನು ಅಳಿವೆಯ ಕಡೆಗೆ ತಕ್ಕೊಂಡು ಹೋಗ್ತದೆ.” ಅಳಿವೆಯಲ್ಲಿ ಹೊಳೆ ಸಮುದ್ರ ಸೇರುತ್ತದೆ. ಅಲ್ಲಿ ಯಾವ ವಾಕ್ಯವೂ ಸಾಲುವುದಿಲ್ಲ.

ನಾನು ಅಭ್ಯಾಸಕ್ಕೆಂದು ಕನ್ನಡದಲ್ಲೂ ಹಾಗೆಯೇ ಮಾತನಾಡತೊಡಗಿದೆ. ಹಾಲಿನವನ ಹತ್ತಿರ “ಇವತ್ತು ಅರ್ಧ ಲೀಟರ್ ಸಾಕು, ಯಾಕೆಂದರೆ” ಎಂದು ಉಸಿರೆಳೆದುಕೊಂಡು ನಿಲ್ಲುತ್ತಿದ್ದೆ. ಅವನು ಕ್ಯಾನು ಹಿಡಿದು ಕಾಯುತ್ತಿದ್ದ. ಪತ್ರಿಕೆಗೂ ಅದು ಅಂಟಿತು. ಪುರಸಭೆಯ ಸಭೆಯ ವರದಿಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಟ್ಟಾಗ ಪಡಿಯಾರರು ಕನ್ನಡಕ ಹಣೆಗೇರಿಸಿದರು.

“ಇದೆಂತ ವಾರಿಜಾ? ಸುದ್ದಿಯಾ, ಮದುವೆ ದಿಬ್ಬಣವಾ? ಇದರ ಕೊನೆ ಎಲ್ಲುಂಟು?”

“ಹಿಂಬದಿಯಲ್ಲಿ ಉಂಟು ಸರ್.”

ಅವರು ಹಾಳೆ ಮಗುಚಿದರು. “ಅಕ್ಕನ ಕಣ್ಣು ಸರಿಯಾಗುವ ತನಕ ಕ್ಷಮೆ ಉಂಟು. ಆಮೇಲೆ ಇಲ್ಲ” ಎಂದು ಪೆನ್ಸಿಲು ಕೈಗೆತ್ತಿಕೊಂಡರು.

ಕೊನೆಗೊಂದು ಶುಕ್ರವಾರ ಬೆಳಿಗ್ಗೆ ದೋಣಿ ಹತ್ತಿದೆ. ಅಕ್ಕ, ಹಸನಬ್ಬನವರು, ಲಿಲ್ಲಿಬಾಯಿ, ಇನ್ನೂ ಕೆಲವರು ಕೂತರು. ದಾಟಿಸುವವರು ಬಿಟ್ಟ ದಡಕ್ಕೆ ಮುಖ ಮಾಡಿ ನಿಲ್ಲುವುದು ನಮ್ಮಲ್ಲಿ ಪದ್ಧತಿ. ಹೋಗುವ ದಡ ಕಂಡರೆ ಮುಗಿಸುವ ಅವಸರ ಹುಟ್ಟುತ್ತದಂತೆ. ನಾನು ಹಾಗೆ ನಿಂತು ಶುರುಮಾಡಿದೆ. ‘ಫ’ ಬಂತು, ‘ಸುಮ್ಮ’ ಬಂತು. ದಡ ಕಿರಿದಾಗುತ್ತ ಹೋಯಿತು. ಹೊಳೆಯ ನಡುವೆ ಒಂದು ಸಂಗತಿ ಚೆನ್ನಾಗಿ ಕೂಡಿಬಂತು. ಪಡಿಯಾರರು ಓದಿದ್ದರೆ ತಲೆದೂಗುತ್ತಿದ್ದರು ಎನಿಸುವಂಥ ಸಂಗತಿ. ಅದು ಮುಗಿದ ಸಂತೋಷಕ್ಕೆ ಉಸಿರೆಳೆದುಕೊಂಡೆ. ಕೊಂಡಿ ಇನ್ನೂ ನಾಲಿಗೆಯ ಮೇಲೇ ಇತ್ತು. ದೋಣಿ ತಿರುಗಿತು.

ದಡ ಮುಟ್ಟಿದ ಕೂಡಲೇ ಲಿಲ್ಲಿಬಾಯಿ ಬಾಯಿ ಬಿಟ್ಟಳು. “ಪೇಪರಿನವರ ಚಾಳಿ. ಎಲ್ಲಿ ಬೇಕಾದ್ರೂ ಒಂದು ಚುಕ್ಕೆ ಇಡುದು. ನನ್ನ ಮೀನಿಗೆ ಐಸ್ ಯಾರು ಹಾಕ್ತಾರೆ ಈಗ, ನಿನ್ನ ಸಂಪಾದಕರಾ?”

ಮನೆಗೆ ಹೋಗುವಾಗ ಅಕ್ಕ ನನ್ನ ತೋಳು ಹಿಡಿದುಕೊಂಡಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಎಡಗೈಯಿಂದ ಹುಬ್ಬು ಒತ್ತಿಕೊಂಡಳು.

“ನೋವು ಶುರುವಾಯ್ತಾ?” ಎಂದು ಕೇಳಿದೆ.

“ಹೋದ ವರ್ಷದ ಹಾಗೇ. ಗಡಿಬಿಡಿ ಮಾಡ್ಬೇಡ. ನೀನು ಉಣ್ಣು.”

ನಾನು ಉಣ್ಣಲಿಲ್ಲ. ಅವಳು ಉಂಡು, ಕೈ ತೊಳೆದು, ಮೊರ ಎಳೆದುಕೊಂಡಳು. ಎಲೆ, ಹೊಗೆಸೊಪ್ಪಿನ ಹುಡಿ, ಸುರುಳಿ ಎಲ್ಲವೂ ಬೆರಳಿನ ಅಂದಾಜಿನಲ್ಲಿ. ಸ್ವಲ್ಪ ಹೊತ್ತಿನ ಮೇಲೆ ಒಂದು ಬೀಡಿಯನ್ನು ನನ್ನ ಅಂಗೈಗೆ ಹಾಕಿದಳು. ಅದಕ್ಕೆ ನೂಲು ಸುತ್ತಿರಲಿಲ್ಲ. ಸುರುಳಿ ಅಂಗೈಯಲ್ಲೇ ಬಿಚ್ಚಿಕೊಂಡು ಹುಡಿ ಚೆಲ್ಲಿತು.

“ಇದು ನಿನ್ನ ಬೆಳಗಿನ ವಾಕ್ಯ” ಎಂದಳು. “ಒಳಗೆ ಹುಡಿ ಚಂದ ಇತ್ತು, ಕೇಳಿದೆ ನಾನು. ನೂಲಿನ ತುದಿ ಕೈಯಲ್ಲಿ ಹಿಡ್ಕೊಂಡ ಮೇಲೆಯೇ ಎಲೆಯನ್ನು ಬಿಡ್ಬೇಕು. ಮೊದಲು ಎಲೆ ಬಿಟ್ಟು ಆಮೇಲೆ ನೂಲು ಹುಡುಕಿದ್ರೆ ಹೀಗೇ. ನಾಳೆ ಬೆಳಿಗ್ಗೆ ಹೋಗುವ.”

ಆ ಸಂಜೆ ಮಬ್ಬಾಗುವ ತನಕ ಅಭ್ಯಾಸ ಮಾಡಿದೆವು. ನಾನು ಹೇಳುತ್ತ ಹೋದ ಹಾಗೆ ಅಕ್ಕ ಬೀಡಿ ಕಟ್ಟುತ್ತಿದ್ದಳು. ಕೊಂಡಿ ಬಂದಾಗ ನೂಲು ಸುತ್ತುತ್ತಿದ್ದಳು. ನಾನು ತಪ್ಪಿ ಉಸಿರೆಳೆದರೆ ಬೆರಳು ನಿಲ್ಲಿಸುತ್ತಿದ್ದಳು. ಅವಳ ಬೆರಳು ನಿಲ್ಲದ ಹಾಗೆ ಹೇಳುವುದು ಕೊನೆಗೆ ನಾಲಿಗೆಗೆ ಹತ್ತಿತು.

ಶನಿವಾರ ಬೆಳಿಗ್ಗೆ ಏಳಕ್ಕೆ ದೋಣಿ ಹೊರಟಿತು. ಅಕ್ಕ ನನ್ನ ಕಾಲ ಬಳಿ ಕಣ್ಣಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದಳು. ನಾನು ಅರಬಿಯಲ್ಲಿ ಹೇಳಿದ್ದು, ಕನ್ನಡಕ್ಕೆ ಎಷ್ಟು ಬರುವುದೋ ಅಷ್ಟು, ಇದು.

ಹಸನಬ್ಬ ಎಂಬವರು ಈ ದೋಣಿಯನ್ನು ಅನೇಕ ವರ್ಷ ನಡೆಸಿದರು, ಫ, ಒಂದು ಬೆಳಿಗ್ಗೆ ಅವರ ಸ್ವರ ನಿಂತಿತು, ಫ, ದೋಣಿ ನಿಂತಿತು, ಸುಮ್ಮ, ಊರಿನ ಜನ ಈ ಮರಳಿನಲ್ಲಿ ನಿಂತು ಆಚೆ ನೋಡುವುದನ್ನು ರೂಢಿ ಮಾಡಿಕೊಂಡರು, ಲಿಅನ್ನ, ನೋಡುವುದಕ್ಕೆ ವಾಕ್ಯ ಬೇಕಾಗಿರಲಿಲ್ಲ, ವ, ಲಿಲ್ಲಿಬಾಯಿ ಎಂಬವಳು ಮೀನಿನ ಹೆಸರುಗಳಿಂದ ಹೊಳೆ ದಾಟಲು ಹೊರಟಳು, ಫ, ಹೊಳೆ ಅವಳನ್ನು ಸುತ್ತಿಸಿ ಮನೆಗೆ ಕಳಿಸಿತು, ಸುಮ್ಮ, ನಿನ್ನೆ ನಾನು ಅರ್ಧ ದಾರಿಯ ತನಕ ಬಂದೆ, ವ, ಮುಗಿಸಿದವರಿಗೆ ಹೊಳೆ ದಾರಿ ಬಿಡುವುದಿಲ್ಲ ಎಂದು ತಿಳಿದುಕೊಂಡೆ, ಲಾಕಿನ್ನ.

ಲಾಕಿನ್ನ ಎಂದು ಉಸಿರೆಳೆದುಕೊಂಡೆ. ಸರಿಯಾದ ಜಾಗದಲ್ಲಿ ಎಳೆದುಕೊಂಡಿದ್ದೆ. ದೋಣಿ ಕಾದಿತು. ಮುಂದಿನದು ಬರಲಿಲ್ಲ. ಆದರೆ ಎಂದವರು ಆಮೇಲೆ ಏನನ್ನಾದರೂ ಹೇಳಲೇಬೇಕು. ನನ್ನ ಹತ್ತಿರ ಇದ್ದ ಸಂಗತಿಗಳು ಮುಗಿದಿದ್ದವು. ಆಗಿಹೋದದ್ದನ್ನೆಲ್ಲ ಹೇಳಿಯಾಗಿತ್ತು. ಲಾಕಿನ್ನಳ ಹಿಂದೆ ಹೆಸರೊಂದು ಬರಬೇಕು, ಅದರ ಕೊನೆಯ ಸ್ವರ ಬದಲಾಗಿರಬೇಕು ಎಂಬುದು ನೆನಪಿತ್ತು. ಯಾವ ಹೆಸರು ಎಂಬುದು ಹೊಳೆಯಲಿಲ್ಲ.

ನಮ್ಮ ದಡದ ತೆಂಗಿನ ಮರಗಳು ಬಲಕ್ಕೆ ಸರಿಯುವುದು ಕಂಡಿತು. ಸರಿಯುತ್ತಿದ್ದುದು ನಾವು. ಸೆಳೆತ ದೋಣಿಯನ್ನು ಹಿಡಿದಿತ್ತು. ಅಳಿವೆಯ ಸದ್ದು ಕೇಳತೊಡಗಿತು. ಹಸನಬ್ಬನವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಲಿಲ್ಲಿಬಾಯಿ ಸೆರಗನ್ನು ಕಚ್ಚಿಕೊಂಡಿದ್ದಳು. ಅವಳ ಬಾಯಿ ಇಷ್ಟು ಹೊತ್ತು ಮುಚ್ಚಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಅಕ್ಕ ಬಟ್ಟೆ ಕೆಳಗಿಟ್ಟಳು. ತಡವರಿಸಿ ನನ್ನ ಕೈ ಹುಡುಕಿ, ಬೆರಳುಗಳ ಸುತ್ತ ಬೆರಳು ಸುತ್ತಿದಳು, ನೂಲು ಸುತ್ತುವ ಹಾಗೆ.

“ಉಖ್ತೀ” ಎಂದೆ. ನನ್ನ ಅಕ್ಕ.

ದೋಣಿ ಜಗ್ಗಿತು. ನನ್ನದು ಎಂದು ಹೇಳಿದ ಹೆಸರಿನ ಕೊನೆಯ ಸ್ವರ ಬದಲಾಗುವುದಿಲ್ಲ, ಅಲ್ಲಿ ತಪ್ಪಲು ದಾರಿಯೇ ಇಲ್ಲ ಎಂದು ಪಾಠದಲ್ಲಿ ಹೇಳಿದ್ದು ಆಗ ನೆನಪಾಯಿತು. ಆಮೇಲೆ ನಾನು ಹುಡುಕಲಿಲ್ಲ. ಆದರೆ ನನ್ನ ಅಕ್ಕ ಕಾಣದ ಕಣ್ಣಿನಲ್ಲಿ ಎಲೆ ಕತ್ತರಿಸುತ್ತಾಳೆ, ಲಿಅನ್ನ, ಬೆರಳಿಗೆ ಎಲೆಯ ನರ ಗೊತ್ತು, ವ, ಚಿಕ್ಕಂದಿನಲ್ಲಿ ನನಗೆ ಅಕ್ಷರ ತಿದ್ದಿಸಿದ್ದು ಅದೇ ಬೆರಳು, ಫ, ನಾನು ಓದಿದೆ, ಫ, ನಾನು ಊರಿನ ಸುದ್ದಿ ಬರೆದೆ, ವ, ಅವಳು ಅದನ್ನು ಪ್ರತಿ ಸಂಜೆ ಓದಿದಳು, ಹತ್ತಾ, ಅಕ್ಷರಗಳು ಅವಳಿಗೆ ಇರುವೆಗಳಾದವು, ಹತ್ತಾ, ಇರುವೆಗಳೂ ಮಾಯವಾದವು, ಲಾಕಿನ್ನ, ಆ ಕಣ್ಣು ಇನ್ನೂ ಬೆಳಕು ಎಲ್ಲಿದೆ ಎಂದು ತೋರಿಸುತ್ತದೆ, ವ, ಅವಳು ಈಗ ಮುಖ ಮಾಡಿರುವುದು ಆ ಕಡೆಗೆ, ವ.

ಇನ್ನು ಹೇಳಲಿಕ್ಕಿದ್ದುದು ಆಗಿಲ್ಲದ್ದು. ಪಡಿಯಾರರ ಪೆನ್ಸಿಲು ಕಣ್ಣ ಮುಂದೆ ಬಂತು. ಅದನ್ನು ಪಕ್ಕಕ್ಕೆ ಸರಿಸಿದೆ.

“ಲಅಲ್ಲ” ಎಂದೆ. ಉಸಿರೆಳೆದುಕೊಂಡೆ. “ಐನಹಾ.” ಬಹುಶಃ ಅವಳ ಕಣ್ಣು. ಐನುಹಾ ಅಲ್ಲ, ಐನಹಾ. ಸ್ವರ ಬದಲಿಸಿಕೊಂಡೇ ಬಂತು. ಹಸನಬ್ಬನವರು ಬಾಯಿಂದ ಕೈ ತೆಗೆದು ತೊಡೆ ತಟ್ಟಿದರು, ಸದ್ದಾಗದ ಹಾಗೆ.

ಬಹುಶಃ ಅವಳ ಕಣ್ಣು ನಾಳೆ ಈ ಹೊಳೆಯನ್ನು ಕಾಣುತ್ತದೆ, ವ, ಈ ಮರಗಳನ್ನು ಕಾಣುತ್ತದೆ, ವ, ನನ್ನನ್ನು, ಸುಮ್ಮ, ಇಷ್ಟು ಹೇಳುವಾಗ ಕಾಲ ಕೆಳಗೆ ಮರಳು ಕರಕರ ಎಂದಿತು. ದೋಣಿ ನಿಂತಿತ್ತು. ನಾನು ಇನ್ನೂ ನಮ್ಮ ದಡವನ್ನೇ ನೋಡುತ್ತಿದ್ದೆ. ಅದು ಬೆರಳಗಲದ ಹಸಿರು ಗೆರೆಯಾಗಿತ್ತು. ವಾಕ್ಯ ಮುಗಿದಿರಲಿಲ್ಲ.

“ಸಾಕು ಮಾರಾಯ್ತಿ, ಇನ್ನು ಚುಕ್ಕೆ ಇಡು” ಎಂದಳು ಲಿಲ್ಲಿಬಾಯಿ. “ದೋಣಿ ಗುಡ್ಡ ಹತ್ತೀತು.”

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಉಸ್ತಾದರು ಮೊಣಕಾಲುದ್ದ ನೀರಿಗಿಳಿದು ಬಂದಿದ್ದರು. ಹಸನಬ್ಬನವರನ್ನು ಅಪ್ಪಿಕೊಂಡು, “ದಾಟಿಸಿದ್ದು ಯಾರು?” ಎಂದು ಕೇಳಿದರು. ಹಸನಬ್ಬನವರು ಪಿಸುಗುಟ್ಟಿದರು. ಉಸ್ತಾದರು ನನ್ನ ಕಡೆ ತಿರುಗಿ, “ಲಾಕಿನ್ನ ಅಂದು ಎಷ್ಟು ಹೊತ್ತು ಮಾರಾಯ್ತಿ. ನಾನಿಲ್ಲಿ ಶಾಲು ಕಿವಿಗೆ ಸುತ್ತಿಕೊಂಡು ನಿಂತಿದ್ದೆ, ನನ್ನ ಬಾಯಿಂದ ಎಂತಾದ್ರೂ ಬಂದು ದೋಣಿ ತಿರುಗೀತು ಅಂತ” ಎಂದರು. ಕಿವಿಗೆ ಸುತ್ತಿಕೊಂಡರೆ ಬಾಯಿ ಹೇಗೆ ಮುಚ್ಚುತ್ತದೆ ಎಂದು ನಾನು ಕೇಳಲಿಲ್ಲ. ಲಿಲ್ಲಿಬಾಯಿಯ ಬುಟ್ಟಿ ನಾವು ರಸ್ತೆ ಮುಟ್ಟುವುದರೊಳಗೆ ಖಾಲಿಯಾಗಿತ್ತು.

ಡಾಕ್ಟರು ಅಕ್ಕನ ಕಣ್ಣಿಗೆ ಟಾರ್ಚು ಹಿಡಿದು ನೋಡಿ, ಇವತ್ತೇ ಎಂದರು. ಮೊದಲು ಒತ್ತಡ ಇಳಿಯಲು ಔಷಧ ಕೊಟ್ಟರು, ಮಧ್ಯಾಹ್ನದ ಮೇಲೆ ಪೊರೆ ತೆಗೆದರು. ಭಾನುವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಅಕ್ಕ ಮೊದಲು ಡಾಕ್ಟರನ್ನು ನೋಡಿದಳು, ಆಮೇಲೆ ಕಿಟಕಿಯನ್ನು, ಆಮೇಲೆ ನನ್ನನ್ನು, ಬಹಳ ಹೊತ್ತು.

“ನಿನ್ನ ತಲೆ ಇಷ್ಟು ಬೆಳ್ಳಗಾದ್ದು ಯಾವಾಗ?” ಎಂದಳು. “ಒಂದು ಮಾತು ಹೇಳ್ಬಾರದಾ?”

ಮರಳುವಾಗ ಉಸ್ತಾದರು ದಾಟಿಸಿದರು. ಅಕ್ಕ ಹೊಳೆಯನ್ನು ನೋಡುತ್ತ, ತುಟಿ ಬಿಗಿಹಿಡಿದು, ನಗುತ್ತಲೇ ಬಂದಳು. ಸೋಮವಾರದ ಸಂಜೆಪತ್ರಿಕೆಯ ಮೊದಲ ಪುಟದಲ್ಲಿ ನನ್ನ ವಾಕ್ಯದ ಕನ್ನಡ ರೂಪ ಅಚ್ಚಾಯಿತು. ಪಡಿಯಾರರು ಅದನ್ನು ಎಲ್ಲೂ ಕಡಿದಿರಲಿಲ್ಲ, ಬಹುಶಃ ಎಂಬಲ್ಲೂ ಕಡಿದಿರಲಿಲ್ಲ. ಅಕ್ಕ ಅದನ್ನು ಜಗಲಿಯಲ್ಲಿ ಕೂತು ತಾನೇ ಓದಿದಳು, ಎರಡು ಕಡೆ ಅಚ್ಚಿನ ತಪ್ಪು ಹಿಡಿದಳು.

ಮಂಗಳವಾರದಿಂದ ಹಸನಬ್ಬನವರ ಅಂಗಳದಲ್ಲಿ ಊರಿಗೆಲ್ಲ ಕೊಂಡಿಯ ಪಾಠ ಶುರುವಾಯಿತು. ಎಲ್ಲರಿಗಿಂತ ಮೊದಲು ಬಂದು ಚಾಪೆಯ ಮೇಲೆ ಕೂತವರು ಪಡಿಯಾರರು.